ಒಂದು ಪ್ಲಾಸ್ಮಿಡ್ಡಿನ ಪೂರ್ವೋತ್ತರ

ಕಿರುಬೆರಳಿಗಿಂತಲೂ ಗಿಡ್ಡವಾದ ಒಂದು ಪ್ಲಾಸ್ಟಿಕ್ ಕೊಳವೆ. ಅದರೊಳಗೆ ಹೆಪ್ಪುಗಟ್ಟಿದ ಅಗರ್. ಆ ಅಗರಿನ ನಡುವೆ ಸೂಜಿಯಿಂದ ಚುಚ್ಚಿದ ಗೆರೆಯುದ್ದಕ್ಕೂ ಮಬ್ಬಾಗಿ ಬೆಳೆದು ನಿಂತ ಬ್ಯಾಕ್ಟೀರಿಯಾ. ಮಾನವ ಜೀವಕೋಶದ ಸ್ವಭಕ್ಷಣ ವ್ಯಾಪಾರವನ್ನು ಕಣ್ಣಾರೆ ಕಾಣಬೇಕೆಂದು ಬಯಸುವ ಸಂಶೋಧಕನ ಕೈಗೆ ಇಂದು ಅಂಚೆಯಲ್ಲಿ ಬಂದು ಸೇರುವ ವಸ್ತು ಇಷ್ಟೇ. ಆ ಬ್ಯಾಕ್ಟೀರಿಯಾದ ಒಡಲಲ್ಲಿ, ಅದರ ಸ್ವಂತ ವರ್ಣತಂತುವಿನಿಂದ ಬೇರೆಯಾಗಿ, ಉಂಗುರಾಕಾರದ ಪುಟ್ಟದೊಂದು ಡಿ.ಎನ್.ಎ. ಇರುತ್ತದೆ, ಅದೇ ಪ್ಲಾಸ್ಮಿಡ್. ಅದರ ಸುತ್ತಳತೆ ಸುಮಾರು 5,000 ಪ್ರತ್ಯಾಮ್ಲ ಜೋಡಿಗಳು. ಒಂದೆಡೆ ಸೈಟೋಮೆಗಾಲೊವೈರಸ್ ಎಂಬ ವಿಷಾಣುವಿನಿಂದ ತೆಗೆದ ಪ್ರೊಮೋಟರ್, ಅಂದರೆ ಜೀನನ್ನು ಚಾಲನೆಗೆ ತರುವ ಭಾಗ. ಅದನ್ನನುಸರಿಸಿ ಶಾಂತಸಾಗರದ ಲೋಳೆಮೀನೊಂದರ ಹಸುರು ಬೆಳಕಿನ ಪ್ರೋಟೀನಿನ ಜೀನ್. ಅದಕ್ಕೆ ಬೆಸೆದಂತೆ ಎಲ್‌ಸಿ3 ಎಂಬ ಮಾನವ ಪ್ರೋಟೀನಿನ ಜೀನ್. ಮತ್ತೊಂದೆಡೆ ಕನಾಮೈಸಿನ್ ಎಂಬ ಔಷಧವನ್ನು ನಿಷ್ಫಲಗೊಳಿಸುವ ಜೀನ್. ಇನ್ನೊಂದೆಡೆ, ಬ್ಯಾಕ್ಟೀರಿಯಾದೊಳಗೆ ಈ ಉಂಗುರವು ಮತ್ತೆ ಮತ್ತೆ ತನ್ನ ಪ್ರತಿಗಳನ್ನು ಮಾಡಿಕೊಳ್ಳಲು ಬೇಕಾದ ಆರಂಭಸ್ಥಾನ.

ಈ ಐದು ಭಾಗಗಳೂ ಒಂದೇ ಕಾಲದವಲ್ಲ, ಒಂದೇ ದೇಶದವೂ ಅಲ್ಲ. ಇವನ್ನು ಒಂದೆಡೆ ಕೂಡಿಸಿದ ಪ್ರಯೋಗಶಾಲೆಯ ಕೌಶಲವನ್ನು ಕುರಿತು ಗ್ರಂಥಗಳು ಸಾಕಷ್ಟು ಹೇಳುತ್ತವೆ. ಆದರೆ ಆ ಕೌಶಲಕ್ಕೆ ಆಧಾರವಾಗಿ ನಿಂತ ಒಂದು ಸಂಪ್ರದಾಯವುಂಟು. ತಾನು ಶ್ರಮಪಟ್ಟು ಮಾಡಿದುದನ್ನು, ಅದರ ವಿಷಯವಾಗಿ ಲೇಖನ ಪ್ರಕಟವಾದ ಮೇಲೆ, ಕೇಳಿದವರಿಗೆಲ್ಲ ಕೊಡತಕ್ಕದ್ದೆಂಬುದೇ ಆ ಸಂಪ್ರದಾಯ. ಅದು ಹೇಗೆ ಹುಟ್ಟಿತು, ಹೇಗೆ ಸೊರಗಿತು, ಹೇಗೆ ಮತ್ತೆ ಚೇತರಿಸಿಕೊಂಡಿತು ಎಂಬುದನ್ನು ಈ ಒಂದು ಪ್ಲಾಸ್ಮಿಡ್ಡಿನ ಪೂರ್ವೋತ್ತರದಲ್ಲಿಯೇ ಕಾಣಬಹುದಾಗಿದೆ.

ಪ್ಲಾಸ್ಮಿಡ್ ಎಂಬ ಹೆಸರನ್ನು 1952ರಲ್ಲಿ ಬಳಕೆಗೆ ತಂದವರು, ಆಗ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿದ್ದ ಜೋಶುವಾ ಲೆಡರ್‌ಬರ್ಗ್. ಆದರೆ ಈ ವಸ್ತುವಿನ ಪ್ರಭಾವವು ಲೋಕದ ಅನುಭವಕ್ಕೆ ಬಂದುದು ಜಪಾನಿನ ಆಸ್ಪತ್ರೆಗಳಲ್ಲಿ. ಎರಡನೆಯ ಮಹಾಯುದ್ಧ ಮುಗಿದ ಮೇಲಿನ ವರ್ಷಗಳಲ್ಲಿ ಆ ದೇಶದಲ್ಲಿ ಆಮಶಂಕೆ ಹಬ್ಬಿ, ಅದನ್ನು ಅಡಗಿಸಲು ಮೊದಲು ಸಲ್ಫಾ ಔಷಧಗಳನ್ನೂ, ಅವು ಸೋತ ಮೇಲೆ ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್, ಕ್ಲೋರಾಂಫೆನಿಕಾಲ್‌ಗಳನ್ನೂ ವಿಪುಲವಾಗಿ ಬಳಸಿದ ಪರಿಣಾಮವಾಗಿ, 1950ರ ದಶಕದ ನಡುಭಾಗದಿಂದ ಈ ನಾಲ್ಕಕ್ಕೂ ಏಕಕಾಲದಲ್ಲಿ ಜಗ್ಗದ ರೋಗಾಣುಗಳು ಕಾಣಿಸಿಕೊಂಡವು. ಒಂದೊಂದು ಔಷಧಕ್ಕೆ ಒಂದೊಂದಾಗಿ ನಿರೋಧವನ್ನು ಗಳಿಸಲು ಬೇಕಾಗುವಷ್ಟು ಕಾಲವೇ ಅವುಗಳಿಗೆ ದೊರೆತಿರಲಿಲ್ಲ. ನಾಲ್ಕೂ ಒಟ್ಟಿಗೆ ಬಂದಿದ್ದವು. ಒಂದು ಬ್ಯಾಕ್ಟೀರಿಯಾ ಇನ್ನೊಂದನ್ನು ಸೋಂಕಿದಾಗ ಈ ನಿರೋಧಶಕ್ತಿ ಇಡಿಯಾಗಿ ದಾಟಿಹೋಗುವುದೆಂದು ಜಪಾನಿನ ವಿಜ್ಞಾನಿಗಳು 1959ರ ಹೊತ್ತಿಗೆ ತೋರಿಸಿಕೊಟ್ಟರು. ಕೇಯೊ ವಿಶ್ವವಿದ್ಯಾನಿಲಯದ ತ್ಸುತೊಮು ವತನಾಬೆಯವರು 1963ರಲ್ಲಿ ಇಂಗ್ಲಿಷಿನಲ್ಲಿ ಬರೆದ ದೀರ್ಘ ಸಮೀಕ್ಷೆಯಿಂದ ಈ ವೃತ್ತಾಂತ ಪಾಶ್ಚಾತ್ಯ ಲೋಕಕ್ಕೆ ತಿಳಿಯಿತು. ನಮ್ಮ ಪ್ಲಾಸ್ಮಿಡ್ಡಿನಲ್ಲಿರುವ ನಿರೋಧ ಜೀನ್ ಯಾವ ಔಷಧವನ್ನು ತಡೆಯುವುದೋ ಆ ಕನಾಮೈಸಿನ್ ಕೂಡ ಜಪಾನಿನದೇ. ಹಮಾವೊ ಉಮೆಝಾವಾ ಅವರು ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಅದನ್ನು ಪಡೆದು 1957ರಲ್ಲಿ ಪ್ರಕಟಿಸಿದರು.

ಹೀಗೆ ಪ್ರಕೃತಿಯಲ್ಲಿಯೇ ಒಂದು ಜೀವಿಯಿಂದ ಇನ್ನೊಂದಕ್ಕೆ ದಾಟುತ್ತಿದ್ದ ವಸ್ತುವನ್ನು ಮನುಷ್ಯನು ತನ್ನ ಉಪಕರಣವನ್ನಾಗಿ ಮಾಡಿಕೊಂಡುದು 1973ರಲ್ಲಿ. ಅದಕ್ಕೆ ಹಿಂದಿನ ವರ್ಷದ ನವೆಂಬರಿನಲ್ಲಿ ಅಮೆರಿಕ ಮತ್ತು ಜಪಾನುಗಳ ವಿಜ್ಞಾನಿಗಳು ಪ್ಲಾಸ್ಮಿಡ್‌ಗಳನ್ನೇ ಕುರಿತು ಹವಾಯಿಯ ಹೊನೊಲುಲುವಿನಲ್ಲಿ ಸಭೆ ಸೇರಿದ್ದರು. ಸ್ಟ್ಯಾನ್‌ಫರ್ಡಿನ ಸ್ಟ್ಯಾನ್ಲಿ ಕೋಹೆನ್ ಅವರಿಗೆ ಪ್ಲಾಸ್ಮಿಡ್ಡನ್ನು ಕ್ಯಾಲ್ಸಿಯಂ ಕ್ಲೋರೈಡಿನ ಸಹಾಯದಿಂದ ಬ್ಯಾಕ್ಟೀರಿಯಾದೊಳಗೆ ಹೊಗಿಸುವ ವಿಧಾನ ಗೊತ್ತಿದ್ದಿತು. ಸ್ಯಾನ್ ಫ್ರಾನ್ಸಿಸ್ಕೊದ ಹರ್ಬರ್ಟ್ ಬಾಯರ್ ಅವರ ಬಳಿ ಡಿ.ಎನ್.ಎ.ಯನ್ನು ನಿಯತಸ್ಥಾನದಲ್ಲಿ ಕತ್ತರಿಸುವ ಕಿಣ್ವವಿದ್ದಿತು. ಸಭೆಯ ಒಂದು ಸಂಜೆ ಊಟದ ಮೇಜಿನ ಬಳಿ ಕುಳಿತು ಇಬ್ಬರೂ ತಮ್ಮ ತಮ್ಮಲ್ಲಿದ್ದುದನ್ನು ಒಂದುಗೂಡಿಸುವುದೆಂದು ನಿಶ್ಚಯಿಸಿದರು. ವರ್ಷ ತುಂಬುವುದರೊಳಗೆ, ಬೇರೆ ಬೇರೆ ಪ್ಲಾಸ್ಮಿಡ್‌ಗಳ ತುಂಡುಗಳನ್ನು ಜೋಡಿಸಿ ಬ್ಯಾಕ್ಟೀರಿಯಾದಲ್ಲಿ ಬೆಳೆಸಿದ ವರದಿ ಪ್ರಕಟವಾಯಿತು. ಆ ಕಾರ್ಯಕ್ಕೆ ವಾಹಕವಾದ ಪ್ಲಾಸ್ಮಿಡ್ಡೇ ಪಿಎಸ್‌ಸಿ101.

ಲೇಖನ ಹೊರಬಿದ್ದೊಡನೆ, ಈ ವಾಹಕವನ್ನು ತಮಗೂ ಕಳುಹಿಸಿಕೊಡಬೇಕೆಂಬ ಪತ್ರಗಳು ಕೋಹೆನರಿಗೆ ಬರತೊಡಗಿದವು. ಅವರು ಕೊಟ್ಟರು, ಆದರೆ ಕೊಡುವಾಗ ಮಾತು ತೆಗೆದುಕೊಂಡು ಕೊಟ್ಟರು. ಅರ್ಬುದಕಾರಕ ವಿಷಾಣುಗಳ ಜೀನುಗಳನ್ನು ಇದಕ್ಕೆ ಜೋಡಿಸಕೂಡದು. ಪ್ರಕೃತಿಯಲ್ಲಿ ಕಾಣದ ಹೊಸ ಔಷಧನಿರೋಧವನ್ನು ಬ್ಯಾಕ್ಟೀರಿಯಾಕ್ಕೆ ತಂದೊಡ್ಡಕೂಡದು. ಮತ್ತು ಪಡೆದವರು ತಾವಾಗಿಯೇ ಮೂರನೆಯವರಿಗೆ ಇದನ್ನು ದಾಟಿಸಕೂಡದು. ದಾನದೊಡನೆ ಹೊಣೆಯೂ ಸಾಗಬೇಕೆಂಬ ಈ ವಿವೇಕವನ್ನು ನಾವು ಲಘುವಾಗಿ ಕಾಣುವಂತಿಲ್ಲ. ಏಕೆಂದರೆ 1975ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಅಸಿಲೊಮಾರಿನಲ್ಲಿ ಇಡೀ ವಿಜ್ಞಾನಿ ಸಮುದಾಯವೇ ಸಭೆ ಸೇರಿ, ಇಂತಹ ಪ್ರಯೋಗಗಳಿಗೆ ತಾನೇ ಕಟ್ಟುಪಾಡುಗಳನ್ನು ವಿಧಿಸಿಕೊಂಡುದಕ್ಕೆ ಇದು ಪೂರ್ವಪೀಠಿಕೆಯಾಗಿದ್ದಿತು.

ಬಾಯರ್ ಅವರ ಪ್ರಯೋಗಶಾಲೆಯಲ್ಲಿ ಫ್ರಾನ್ಸಿಸ್ಕೊ ಬೊಲಿವಾರ್ ಮತ್ತು ರೇಮಂಡ್ ರೊಡ್ರಿಗೆಜ್ ಅವರು ಹೊಸದೊಂದು ವಾಹಕವನ್ನು ರಚಿಸಿ 1977ರಲ್ಲಿ ಪ್ರಕಟಿಸಿದರು. ಅವರ ಹೆಸರುಗಳ ಮೊದಲ ಅಕ್ಷರಗಳನ್ನು ಹೊತ್ತು, ಪಿಬಿಆರ್322 ಎಂದು ಪ್ರಖ್ಯಾತವಾದ ಆ 4,361 ಜೋಡಿಗಳ ಉಂಗುರವು ಪ್ರಯೋಗಶಾಲೆಯಿಂದ ಪ್ರಯೋಗಶಾಲೆಗೆ ಹರಡುತ್ತ ಕೆಲವೇ ವರ್ಷಗಳಲ್ಲಿ ಜಗತ್ತನ್ನೆಲ್ಲ ವ್ಯಾಪಿಸಿತು. ಇಂದು ನಮ್ಮ ಸ್ವಭಕ್ಷಣ ಪ್ಲಾಸ್ಮಿಡ್ಡಿನಲ್ಲಿರುವ ಆರಂಭಸ್ಥಾನವು ಆ ವಂಶದ್ದೇ. ಪ್ಲಾಸ್ಮಿಡ್‌ಗಳು ಹೆಚ್ಚಿದಂತೆ ಹೆಸರುಗಳಲ್ಲಿ ಗೊಂದಲವುಂಟಾಗದಿರಲೆಂದು 1976ರಲ್ಲಿ ಒಂದು ನಾಮಕರಣ ಕ್ರಮವು ಏರ್ಪಟ್ಟಿತು. ಅದೇ ವರ್ಷದಿಂದ 1986ರವರೆಗೆ ಸ್ಟ್ಯಾನ್‌ಫರ್ಡಿನ ಪ್ಲಾಸ್ಮಿಡ್ ಉಲ್ಲೇಖ ಕೇಂದ್ರವನ್ನು ನಡೆಸಿದವರು, ಸ್ವತಃ ಶ್ರೇಷ್ಠ ಸಂಶೋಧಕಿಯಾಗಿದ್ದ ಎಸ್ತರ್ ಲೆಡರ್‌ಬರ್ಗ್. ಬ್ಯಾಕ್ಟೀರಿಯಾದ ತಳಿವಿಜ್ಞಾನಕ್ಕೆ ಅಸ್ತಿಭಾರ ಹಾಕಿದವರಲ್ಲಿ ಒಬ್ಬರಾದ ಆಕೆ, ಪರರು ರಚಿಸಿದ ವಸ್ತುಗಳ ಲೆಕ್ಕವಿಡುವ ಕಾರ್ಯಕ್ಕೆ ತಮ್ಮ ಆಯುಸ್ಸಿನ ಹತ್ತು ವರ್ಷಗಳನ್ನು ಸಲ್ಲಿಸಿದರೆಂಬುದು ಸ್ಮರಣೀಯ.

ಕೊಡುವ ಕ್ರಮವೂ ಆ ಕಾಲದಲ್ಲಿ ಸರಳವಾಗಿಯೇ ಇದ್ದಿತು. ಶೋಧನಪತ್ರದ ಚೂರೊಂದರ ಮೇಲೆ ಡಿ.ಎನ್.ಎ. ದ್ರಾವಣದ ಒಂದು ಹನಿಯನ್ನಿಟ್ಟು, ಅದು ಆರಿದ ಮೇಲೆ ಕಾಣದೆ ಹೋಗುವುದಾದುದರಿಂದ ಅದರ ಸುತ್ತ ಸೀಸದಕಡ್ಡಿಯಿಂದ ಒಂದು ವೃತ್ತವನ್ನೆಳೆದು, ಪಕ್ಕದಲ್ಲಿ ಹೆಸರು ಬರೆದು, ಕ್ಷೇಮಸಮಾಚಾರದ ಪತ್ರದೊಡನೆ ಲಕೋಟೆಯಲ್ಲಿಟ್ಟು ಅಂಚೆಗೆ ಹಾಕುತ್ತಿದ್ದರು. ಪಡೆದವರು ಆ ವೃತ್ತವನ್ನು ಕತ್ತರಿಸಿ, ಕೆಲವು ಹನಿ ಬಫರಿನಲ್ಲಿ ನೆನೆಯಿಸಿ, ಆ ನೀರನ್ನು ಬ್ಯಾಕ್ಟೀರಿಯಾಕ್ಕೆ ಉಣಿಸಿದರೆ, ಮರುದಿನ ಬೆಳಿಗ್ಗೆ ತಟ್ಟೆಯ ಮೇಲೆ ಕಾಲೊನಿಗಳು ಮೂಡಿರುತ್ತಿದ್ದವು. ಒಂದು ಹನಿಯಿಂದ ಬೇಕಾದಷ್ಟನ್ನು ಬೆಳೆಸಿಕೊಳ್ಳಬಹುದಾದುದರಿಂದ ಕೊಟ್ಟವರಿಗೆ ಏನೂ ಕಡಿಮೆಯಾಗುತ್ತಿರಲಿಲ್ಲ.

ಇನ್ನು, ಈ ಪ್ಲಾಸ್ಮಿಡ್ಡು ಯಾವುದನ್ನು ತೋರಿಸಲು ಹುಟ್ಟಿತೋ ಆ ಸ್ವಭಕ್ಷಣದ ಕಡೆಗೆ ತಿರುಗೋಣ. ಜೀವಕೋಶವು ತನ್ನದೇ ದ್ರವ್ಯದ ಒಂದಂಶವನ್ನು ಎರಡು ಪದರದ ಪೊರೆಯಿಂದ ಸುತ್ತುಗಟ್ಟಿ ಚೀಲವಾಗಿಸಿ, ಆ ಚೀಲವನ್ನು ಜೀರ್ಣಕಿಣ್ವಗಳನ್ನು ಹೊತ್ತ ಲೈಸೋಸೋಮಿನೊಡನೆ ಕೂಡಿಸಿ, ಒಳಗಿದ್ದುದನ್ನು ಜೀರ್ಣಿಸಿ, ದೊರೆತ ಅಮೈನೊ ಆಮ್ಲಗಳನ್ನು ಮತ್ತೆ ಬಳಸಿಕೊಳ್ಳುವ ಕ್ರಿಯೆಯೇ ಸ್ವಭಕ್ಷಣ ಅಥವಾ ಆಟೋಫೇಜಿ. ಉಪವಾಸದಲ್ಲಿ ಕೋಶವು ಬದುಕುವುದು ಇದರಿಂದ. ಕೆಟ್ಟುಹೋದ ಮೈಟೊಕಾಂಡ್ರಿಯಗಳನ್ನೂ, ಗಡ್ಡೆಕಟ್ಟಿದ ಪ್ರೋಟೀನುಗಳನ್ನೂ, ಒಳನುಗ್ಗಿದ ಕೆಲವು ರೋಗಾಣುಗಳನ್ನೂ ನಿವಾರಿಸಿಕೊಳ್ಳುವುದು ಇದರಿಂದ. ಲೈಸೋಸೋಮನ್ನು 1955ರಲ್ಲಿ ಲೋಕಕ್ಕೆ ತಿಳಿಸಿದ ಬೆಲ್ಜಿಯಮಿನ ಕ್ರಿಶ್ಚಿಯನ್ ಡಿ ಡೂವ್ ಅವರೇ 1963ರಲ್ಲಿ ಲಂಡನ್ನಿನ ಸಭೆಯೊಂದರಲ್ಲಿ ಈ ಕ್ರಿಯೆಗೆ ಹೆಸರಿಟ್ಟರು. ಆದರೆ ಆಮೇಲೆ ಸುಮಾರು ಮೂವತ್ತು ವರ್ಷಗಳ ಕಾಲ ಈ ವಿದ್ಯೆ ಹೆಚ್ಚು ಮುಂದುವರಿಯಲಿಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ಸತ್ತ ಕೋಶದ ಚಿತ್ರವನ್ನು ಕೊಡುತ್ತಿದ್ದಿತೇ ಹೊರತು, ಯಾವ ಜೀನುಗಳು ಈ ಕಾರ್ಯವನ್ನು ನಡೆಯಿಸುತ್ತವೆ ಎಂಬುದನ್ನು ಹೇಳಲಾರದಾಗಿದ್ದಿತು.

ಆ ಕತ್ತಲೆಯನ್ನು ಹರಿಸಿದವರು ಯೊಶಿನೊರಿ ಒಸುಮಿ. 1988ರಲ್ಲಿ, ತಮ್ಮ 43ನೆಯ ವಯಸ್ಸಿನಲ್ಲಿ, ಟೋಕಿಯೊ ವಿಶ್ವವಿದ್ಯಾನಿಲಯದ ಕೊಮಾಬಾದಲ್ಲಿ ಸ್ವಂತ ಪ್ರಯೋಗಶಾಲೆಯನ್ನು ತೆರೆದ ಅವರು, ಲೈಸೋಸೋಮಿಗೆ ಸಂವಾದಿಯಾದ ಯೀಸ್ಟಿನ ರಸದಾನಿಯನ್ನು ಅಧ್ಯಯನಕ್ಕೆ ಆರಿಸಿಕೊಂಡರು. ರಸದಾನಿಗೆ ಬಂದುದೆಲ್ಲವನ್ನೂ ಅಲ್ಲಿಯ ಕಿಣ್ವಗಳು ಕೂಡಲೇ ಕರಗಿಸಿಬಿಡುವುದಾದರೆ ನೋಡಲು ಉಳಿಯುವುದೇನು? ಆದುದರಿಂದ, ಪ್ರೋಟೀನನ್ನು ಛೇದಿಸುವ ಕಿಣ್ವಗಳಿಲ್ಲದ ಯೀಸ್ಟ್ ತಳಿಗಳನ್ನು, ಇತರ ಸಂಶೋಧಕರು ಹಿಂದೆಯೇ ಸಿದ್ಧಪಡಿಸಿದ್ದಂತಹವನ್ನು, ತರಿಸಿಕೊಂಡು, ಅವನ್ನು ಉಪವಾಸಕ್ಕೆ ಕೆಡವಿ, ಸಾಧಾರಣ ಸೂಕ್ಷ್ಮದರ್ಶಕದಲ್ಲಿಯೇ ನೋಡಿದರು. ರಸದಾನಿಯ ತುಂಬ ದುಂಡನೆಯ ಸಣ್ಣ ಕಣಗಳು ಜಮಾಯಿಸಿ, ಎಡೆಬಿಡದೆ ಅಲುಗಾಡುತ್ತಿದ್ದುವು. ಪರರಿಂದ ಬಂದ ತಳಿಯಿಲ್ಲದೆ ಈ ದರ್ಶನವಿಲ್ಲ. ಅನಂತರ, ಉಪವಾಸವನ್ನು ತಾಳಲಾರದೆ ಸಾಯುವ ಯೀಸ್ಟ್‌ಗಳನ್ನು ಆಯ್ದು, ಸ್ವಭಕ್ಷಣಕ್ಕೆ ಬೇಕಾದ 15 ಜೀನುಗಳ ಸುಳಿವನ್ನು ಮಿಕಿ ತ್ಸುಕಾದಾ ಅವರೊಡನೆ 1993ರಲ್ಲಿ ಪ್ರಕಟಿಸಿದರು. 2016ರ ನೊಬೆಲ್ ಪಾರಿತೋಷಕವು ಒಸುಮಿಯವರೊಬ್ಬರಿಗೇ ಸಂದಿತು.

ಯೀಸ್ಟಿನ ಈ ಜೀನುಗಳಲ್ಲಿ ಎಂಟನೆಯದಕ್ಕೆ ಸಂವಾದಿಯಾಗಿ ಸಸ್ತನಿಗಳಲ್ಲಿರುವುದೇ ಎಲ್‌ಸಿ3. ಮೊದಲು ಅದನ್ನು ಇಲಿಯ ಮಿದುಳಿನಲ್ಲಿ ಕೋಶದ ಸೂಕ್ಷ್ಮನಾಳಗಳ ಸಹಚರವೆಂದು ಗುರುತಿಸಿದ್ದರು. ಸ್ವಭಕ್ಷಣದೊಡನೆ ಅದಕ್ಕಿರುವ ಸಂಬಂಧ ಆಗ ತಿಳಿದಿರಲಿಲ್ಲ. ಒಕಾಝಾಕಿಯಲ್ಲಿ ಒಸುಮಿಯವರ ಬಳಗದಲ್ಲಿದ್ದ ತಮೊತ್ಸು ಯೊಶಿಮೊರಿ, ಯುಕಿಕೊ ಕಬೆಯಾ, ನೊಬೊರು ಮಿಝುಶಿಮಾ ಮುಂತಾದವರು, ಈ ಪ್ರೋಟೀನು ಸ್ವಭಕ್ಷಣದ ಚೀಲದ ಪೊರೆಯ ಮೇಲೆಯೇ ನೆಲೆಸುವುದೆಂದು 2000ದಲ್ಲಿ ಸಾಬೀತುಪಡಿಸಿದರು. ಆ ಚೀಲವನ್ನು ಬದುಕಿರುವ ಕೋಶದಲ್ಲಿ ಕಾಣಬೇಕಾದರೆ ಎಲ್‌ಸಿ3ಗೆ ಬೆಳಕಿನ ಗುರುತೊಂದನ್ನು ಅಂಟಿಸಿದರೆ ಸಾಕಾಯಿತು.

ಬೆಳಕು ಬಂದುದು ಸಮುದ್ರದಿಂದ. 1961ರ ಬೇಸಗೆಯಲ್ಲಿ ಅಮೆರಿಕದ ಪಶ್ಚಿಮ ತೀರದ ಫ್ರೈಡೇ ಹಾರ್ಬರಿನಲ್ಲಿ ಒಸಾಮು ಶಿಮೊಮುರಾ ಮತ್ತು ಅವರ ಸಂಗಡಿಗರು ಹತ್ತು ಸಾವಿರದಷ್ಟು ಲೋಳೆಮೀನುಗಳನ್ನು ಬಲೆಯಲ್ಲಿ ಹಿಡಿದು, ಅವುಗಳ ಅಂಚನ್ನು ಕತ್ತರಿಸಿ ಹಿಂಡಿ, ಹೊಳೆಯುವ ವಸ್ತುವನ್ನು ಬೇರ್ಪಡಿಸಿದರು. ಅದರೊಡನೆ ದೊರೆತ ಹಸುರು ಪ್ರೋಟೀನನ್ನು 1962ರ ಲೇಖನದಲ್ಲಿ ಪ್ರಸ್ತಾಪಿಸಿದರು. ಅದರ ಜೀನನ್ನು 1992ರಲ್ಲಿ ವುಡ್ಸ್ ಹೋಲಿನಲ್ಲಿ ಬಿಡಿಸಿ ತೆಗೆದವರು ಡಗ್ಲಸ್ ಪ್ರಾಶರ್. ಮುಂದಿನ ಕೆಲಸಕ್ಕೆ ಧನಸಹಾಯ ದೊರೆಯದೆ ಆ ಕ್ಷೇತ್ರವನ್ನೇ ತೊರೆಯಬೇಕಾಗಿ ಬಂದ ಪ್ರಾಶರ್ ಅವರು, ವರ್ಷಗಳ ಶ್ರಮದ ಫಲವಾದ ಆ ಜೀನನ್ನು ಪೆಟ್ಟಿಗೆಯಲ್ಲಿ ಬಚ್ಚಿಡದೆ, ಕೇಳಿದ ಮಾರ್ಟಿನ್ ಚಾಲ್ಫಿ ಮತ್ತು ರೋಜರ್ ತ್ಸಿಯೆನ್ ಅವರಿಗೆ ಕಳುಹಿಸಿಕೊಟ್ಟರು. ಚಾಲ್ಫಿಯವರು 1994ರಲ್ಲಿ ಬ್ಯಾಕ್ಟೀರಿಯಾವನ್ನೂ ಪುಟ್ಟ ಹುಳುವನ್ನೂ ಅದರಿಂದ ಬೆಳಗಿಸಿದರು. ತ್ಸಿಯೆನ್ ಅದರ ಕಾಂತಿಯನ್ನು ಹೆಚ್ಚಿಸಿ ಬಣ್ಣಗಳಲ್ಲಿ ವೈವಿಧ್ಯವನ್ನು ತಂದರು. 2008ರಲ್ಲಿ ಶಿಮೊಮುರಾ, ಚಾಲ್ಫಿ, ತ್ಸಿಯೆನ್ ಮೂವರಿಗೂ ನೊಬೆಲ್ ಬಂದಾಗ, ಪ್ರಾಶರ್ ಹಂಟ್ಸ್‌ವಿಲ್ ನಗರದ ಕಾರಿನ ಮಳಿಗೆಯೊಂದರಲ್ಲಿ ವಾಹನ ಚಾಲಕರಾಗಿ ದುಡಿಯುತ್ತಿದ್ದರು. ಚಾಲ್ಫಿ ಮತ್ತು ತ್ಸಿಯೆನ್ ತಮ್ಮ ವೆಚ್ಚದಲ್ಲಿ ಪ್ರಾಶರ್ ದಂಪತಿಗಳನ್ನು ಸ್ಟಾಕ್‌ಹೋಮಿಗೆ ಕರೆಸಿಕೊಂಡರು. ಕೊಟ್ಟವನ ಹಿರಿಮೆಯನ್ನು ಪಡೆದವರು ಮರೆಯಲಿಲ್ಲ. ಆದರೂ ಆ ಹಿರಿಮೆಗೆ ಲೋಕವು ತಕ್ಕ ಮನ್ನಣೆಯನ್ನು ಸಕಾಲದಲ್ಲಿ ಸಲ್ಲಿಸಲಿಲ್ಲವೆಂಬ ವ್ಯಥೆಯು ಈ ಚರಿತ್ರೆಯನ್ನು ಓದುವವರನ್ನು ಕಾಡದಿರದು.

ಎರಡು ಜೀನುಗಳನ್ನು ಬೆಸೆಯುವಾಗ ಗುರುತನ್ನು ಯಾವ ತುದಿಗೆ ಕಟ್ಟಬೇಕೆಂಬ ಪ್ರಶ್ನೆ ಏಳುತ್ತದೆ. ಇಲ್ಲಿ ಅದು ಕ್ಷುಲ್ಲಕವಾದ ಪ್ರಶ್ನೆಯಲ್ಲ. ಮಾನವ ಎಲ್‌ಸಿ3ಯ ಒಂದು ರೂಪವಾದ ಎಲ್‌ಸಿ3ಬಿ ಪ್ರೋಟೀನಿನಲ್ಲಿರುವುದು 125 ಅಮೈನೊ ಆಮ್ಲಗಳು. ಅದು ತಯಾರಾದ ಕೂಡಲೆ ಎಟಿಜಿ4 ಎಂಬ ಕಿಣ್ವವು ಅದರ ಬಾಲದ ಕೊನೆಯ ಐದನ್ನು ಕತ್ತರಿಸಿ, 120ನೆಯದಾದ ಗ್ಲೈಸಿನನ್ನು ತುದಿಯಾಗಿ ಉಳಿಸುತ್ತದೆ. ಪೊರೆಯ ಕೊಬ್ಬಿನ ಅಣು ಬಂದು ಅಂಟಿಕೊಳ್ಳುವುದು ಆ ಗ್ಲೈಸಿನಿಗೆ. ಗುರುತನ್ನು ಬಾಲಕ್ಕೆ ಕಟ್ಟಿದರೆ ಅದು ಆ ಐದರೊಡನೆ ಕತ್ತರಿಸಿ ಬಿದ್ದು, ಬೆಳಕು ಒಂದು ಕಡೆ, ಎಲ್‌ಸಿ3 ಇನ್ನೊಂದು ಕಡೆ ಆಗುತ್ತದೆ. ಆದುದರಿಂದಲೇ ಹಸುರು ಪ್ರೋಟೀನನ್ನು ಮುಂದಿಟ್ಟು ಎಲ್‌ಸಿ3ಯನ್ನು ಅದರ ಹಿಂದೆ ನಿಲ್ಲಿಸಿದರು. ಹಾಗೆ ಬೆಸೆಯಲು ಪಿಇಜಿಎಫ್‌ಪಿ–ಸಿ1 ಎಂಬ ವಾಣಿಜ್ಯ ವಾಹಕವು ಅನುಕೂಲವಾಗಿ ಒದಗಿತು.

ಈ ಪ್ಲಾಸ್ಮಿಡ್ಡನ್ನು ಹೊಗಿಸಿದ ಕೋಶಗಳು ಪೋಷಕ ದ್ರಾವಣದಲ್ಲಿ ಮುಳುಗಿ ತೃಪ್ತವಾಗಿರುವಾಗ ಹಸುರು ಬೆಳಕು ಒಡಲ ತುಂಬ ಸಮನಾಗಿ ಹರಡಿರುತ್ತದೆ. ಆ ದ್ರಾವಣವನ್ನು ತೆಗೆದು, ಅಮೈನೊ ಆಮ್ಲಗಳಿಲ್ಲದ ಬರಿಯ ಲವಣಜಲವನ್ನು ಸುರಿದು ಒಂದೆರಡು ಗಂಟೆ ಕಾದರೆ, ಹರಡಿದ್ದ ಬೆಳಕು ಅಲ್ಲಲ್ಲಿ ಮಡುಗಟ್ಟಿ ಸ್ಫುಟವಾದ ಚುಕ್ಕೆಗಳಾಗುತ್ತದೆ. ಒಂದೊಂದು ಚುಕ್ಕೆಯೂ ಒಂದೊಂದು ಸ್ವಭಕ್ಷಣ ಚೀಲ. ಡಿ ಡೂವ್ ಸತ್ತ ಕೋಶಗಳ ಚಿತ್ರಗಳಲ್ಲಿ ಊಹಿಸಿದುದನ್ನು ಇಂದು ವಿದ್ಯಾರ್ಥಿಯೊಬ್ಬಳು ಬದುಕಿರುವ ಕೋಶದಲ್ಲಿ ಎಣಿಸಬಲ್ಲಳು. ಎಣಿಕೆಯಲ್ಲಿ ಎಚ್ಚರವೂ ಬೇಕು: ಪ್ರೋಟೀನು ಅತಿಯಾಗಿ ತಯಾರಾದರೆ ತಾನೇ ಗಡ್ಡೆಕಟ್ಟಿ ಸುಳ್ಳು ಚುಕ್ಕೆಯಾದೀತು, ಚುಕ್ಕೆ ಹೆಚ್ಚಿದುದು ಚೀಲಗಳ ಹುಟ್ಟು ಹೆಚ್ಚಿದುದರಿಂದಲೋ, ಅವುಗಳ ವಿಲೇವಾರಿ ನಿಂತುದರಿಂದಲೋ ಎಂಬುದು ನೋಟಕ್ಕೆ ತಿಳಿಯದು. ಈ ಸಂದೇಹಕ್ಕೆ ಪರಿಹಾರವಾಗಿ ಯೊಶಿಮೊರಿಯವರ ಬಳಗವು 2007ರಲ್ಲಿ ಕೆಂಪು, ಹಸುರು ಎರಡು ಗುರುತುಗಳನ್ನೂ ಎಲ್‌ಸಿ3ಗೆ ಕಟ್ಟಿತು. ಲೈಸೋಸೋಮಿನ ಆಮ್ಲದಲ್ಲಿ ಹಸುರು ನಂದುತ್ತದೆ, ಕೆಂಪು ಉಳಿಯುತ್ತದೆ. ಹೀಗೆ ಬಣ್ಣವೇ ಚೀಲದ ಪ್ರಯಾಣವನ್ನು ಹೇಳುತ್ತದೆ.

ಇಷ್ಟು ಉಪಯುಕ್ತವಾದ ವಸ್ತುವಿಗೆ ಬೇಡಿಕೆ ಬೆಳೆದಂತೆ ಹಳೆಯ ಕ್ರಮವು ಭಾರವನ್ನು ತಾಳದಾಯಿತು. ಪ್ಲಾಸ್ಮಿಡ್ಡನ್ನು ರಚಿಸಿದ ವಿದ್ಯಾರ್ಥಿ ಪದವಿ ಪಡೆದು ಹೊರಟುಹೋದ ಮೇಲೆ ಶೀತಪೆಟ್ಟಿಗೆಯಲ್ಲಿರುವ ಕೊಳವೆ ಯಾವುದೆಂಬುದು ಉಳಿದವರಿಗೆ ತಿಳಿಯದು. ಪತ್ರಕ್ಕೆ ಉತ್ತರ ಬಾರದು. ಬಂದ ಕೊಳವೆಯಲ್ಲಿ ಬೇರೊಂದೇ ಇದ್ದೀತು. ಇದಲ್ಲದೆ, ಕೋಹೆನ್ ಮತ್ತು ಬಾಯರ್ ಅವರ ವಿಧಾನಕ್ಕೆ 1980ರಲ್ಲಿ ಪೇಟೆಂಟ್ ದೊರೆತು ಅದರಿಂದ ವಿಶ್ವವಿದ್ಯಾನಿಲಯಗಳಿಗೆ ಕೋಟಿಗಟ್ಟಲೆ ಡಾಲರು ಹರಿದು ಬಂದ ಮೇಲೆ, ವಸ್ತುವನ್ನು ಹೊರಗೆ ಕಳುಹಿಸುವುದಕ್ಕೆ ಮುನ್ನ ಕರಾರುಪತ್ರ ಬೇಕೆಂಬ ಪದ್ಧತಿ ಎಲ್ಲೆಡೆ ಬೇರೂರಿತು. ಒಂದು ಕೊಳವೆಗಾಗಿ ಎರಡು ಸಂಸ್ಥೆಗಳ ಕಾನೂನು ಕಚೇರಿಗಳು ತಿಂಗಳುಗಟ್ಟಲೆ ಪತ್ರವ್ಯವಹಾರ ನಡೆಯಿಸುವ ಸಂದರ್ಭಗಳು ಒದಗಿದವು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು 1995ರಲ್ಲಿ ಎಲ್ಲರಿಗೂ ಒಪ್ಪುವ ಏಕರೂಪದ ಕರಾರನ್ನು ರೂಪಿಸಿ ಈ ತೊಡಕನ್ನು ಕೆಲಮಟ್ಟಿಗೆ ಬಿಡಿಸಿತು. ಪ್ರಕಟಣೆಯೊಡನೆ ವಸ್ತುವನ್ನು ಹಂಚಿಕೊಳ್ಳುವುದು ಲೇಖಕನ ಕರ್ತವ್ಯವೆಂದು ಅಲ್ಲಿಯ ರಾಷ್ಟ್ರೀಯ ಅಕಾಡೆಮಿಗಳ ವರದಿ 2003ರಲ್ಲಿ ಸ್ಪಷ್ಟವಾಗಿ ಸಾರಿತು.

ಮರುವರ್ಷ, ಹಾರ್ವರ್ಡಿನಲ್ಲಿ ವಿದ್ಯಾರ್ಥಿನಿಯಾಗಿದ್ದಾಗ ಈ ಕಷ್ಟವನ್ನು ಸ್ವತಃ ಉಂಡಿದ್ದ ಮೆಲಿನಾ ಫ್ಯಾನ್ ಅವರು, ಪತಿ ಬೆಂಜಿ ಚೆನ್ ಮತ್ತು ಸೋದರ ಕೆನೆತ್ ಫ್ಯಾನ್ ಅವರೊಡನೆ ಆಡ್‌ಜೀನ್ ಎಂಬ ಲಾಭರಹಿತ ಭಂಡಾರವನ್ನು ಸ್ಥಾಪಿಸಿದರು. ರಚಿಸಿದವನು ಒಮ್ಮೆ ಅಲ್ಲಿ ಒಪ್ಪಿಸಿದರೆ ಸಾಕು. ಅದರ ಅನುಕ್ರಮವನ್ನು ಪರೀಕ್ಷಿಸುವುದು, ಕಾಪಾಡುವುದು, ಕೇಳಿದ ಸಂಶೋಧನ ಸಂಸ್ಥೆಗಳಿಗೆ ಅಲ್ಪ ಶುಲ್ಕಕ್ಕೆ ಕಳುಹಿಸುವುದು ಭಂಡಾರದ ಹೊಣೆ. ಯೊಶಿಮೊರಿ ತಮ್ಮ ಬಳಗದ ಪ್ಲಾಸ್ಮಿಡ್‌ಗಳನ್ನು ಅಲ್ಲಿಟ್ಟರು. ಪೋಲಿಯೊ ವಿಷಾಣುವು ಸ್ವಭಕ್ಷಣ ಯಂತ್ರವನ್ನು ತನ್ನ ಕೆಲಸಕ್ಕೆ ಹೇಗೆ ಬಳಸಿಕೊಳ್ಳುವುದೆಂದು ಶೋಧಿಸಿದ ಕಾರ್ಲಾ ಕರ್ಕಿಗಾರ್ಡ್ ಅವರೂ, ವಾರ್ಧಕ್ಯವನ್ನು ಕುರಿತು ಶೋಧಿಸಿದ ಟೋರೆನ್ ಫಿಂಕೆಲ್ ಅವರೂ ಹಸುರು ಗುರುತಿನ ಎಲ್‌ಸಿ3 ಪ್ಲಾಸ್ಮಿಡ್‌ಗಳನ್ನು ಅಲ್ಲಿಟ್ಟರು. ಇದನ್ನು ಬಳಸಿದವರು ತಮ್ಮ ಲೇಖನದಲ್ಲಿ ಕೊಟ್ಟವರ ಹೆಸರನ್ನು ಹೇಳಿ, ಇದು ಅವರ ಕೊಡುಗೆಯೆಂದು ಬರೆಯುವುದು ಇಂದು ವಾಡಿಕೆಯಾಗಿದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರದಲ್ಲಿ ರವಿ ಮಂಜಿತ್ತಾಯರ ಬಳಗವು ಯೀಸ್ಟ್ ಮತ್ತು ಮಾನವ ಕೋಶಗಳಲ್ಲಿ ಸ್ವಭಕ್ಷಣವನ್ನು ಅಭ್ಯಸಿಸುತ್ತ ಬಂದಿದೆ; ಹೀಗೆ ಒಸುಮಿಯವರು ತೆರೆದ ದಾರಿ ನಮ್ಮ ನೆಲದವರೆಗೂ ಬಂದು ಮುಟ್ಟಿದೆ.

ಈ ಚರಿತ್ರೆಯಿಂದ ನಾನು ತಳೆದ ನಿರ್ಣಯವಿದು. ಒಬ್ಬನು ಕಂಡುದನ್ನು ಇನ್ನೊಬ್ಬನು ತನ್ನ ಕೈಯಿಂದ ಮಾಡಿ ನೋಡಿದಾಗಲೇ ಅದು ಶಾಸ್ತ್ರವಾಗುತ್ತದೆ. ಮಾಡಿ ನೋಡಲು ಬೇಕಾದ ವಸ್ತುವನ್ನು ಕೊಡದೆ ಫಲವನ್ನು ಮಾತ್ರ ಸಾರುವವನು ಸತ್ಯದ ಅರ್ಧವನ್ನು ತನ್ನಲ್ಲಿಯೇ ಇಟ್ಟುಕೊಂಡಂತೆ. ಆದುದರಿಂದ ನಮ್ಮ ನಾಡಿನ ತರುಣ ಸಂಶೋಧಕರಲ್ಲಿ ಒಂದು ಬಿನ್ನಹ: ನೀವು ರಚಿಸಿದ ಪ್ಲಾಸ್ಮಿಡ್ಡು ಎಷ್ಟೇ ಅಲ್ಪವೆಂದು ತೋರಿದರೂ, ಲೇಖನ ಪ್ರಕಟವಾದ ದಿನವೇ ಅದನ್ನು ಭಂಡಾರವೊಂದಕ್ಕೆ ಒಪ್ಪಿಸಿರಿ, ಮತ್ತು ಪರರದನ್ನು ಬಳಸಿದಾಗ ಕೊಟ್ಟವರ ಹೆಸರನ್ನು ತಪ್ಪದೆ ಬರೆಯಿರಿ.